ಅಮು ದರಿಯಾ: ನೀರು, ಹೂಳು, ಉಪ್ಪಿನ ಲೆಕ್ಕ

ಜುಲೈ ತಿಂಗಳಲ್ಲಿ, ತುರ್ಕ್‌ಮೆನಿಸ್ತಾನದ ಕೆರ್ಕಿ ಪಟ್ಟಣದ ಬಳಿ ಅಮು ದರಿಯಾ ನದಿಯಿಂದ ಒಂದು ಬಕೆಟ್ ನೀರು ಎತ್ತಿದರೆ ಅದು ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿರುತ್ತದೆ. ರಾತ್ರಿಯೆಲ್ಲಾ ಅಲುಗಿಸದೆ ಇಟ್ಟರೆ ಬೆಳಗಾಗುವಷ್ಟರಲ್ಲಿ ತಳದಲ್ಲಿ ನುಣ್ಣನೆಯ ಹೂಳು ಕೂತು, ಮೇಲೆ ತಿಳಿನೀರು ನಿಂತಿರುತ್ತದೆ. ಆ ತಿಳಿನೀರನ್ನು ಬಾಣಲೆಗೆ ಹಾಕಿ ಕುದಿಸಿ ಬತ್ತಿಸಿದರೆ ಕೊನೆಗೆ ಬಿಳಿ ಉಪ್ಪಿನ ಪದರ ಉಳಿಯುತ್ತದೆ. ಮಧ್ಯ ಏಷ್ಯಾದ ಈ ನದಿಯ ದಂಡೆಯಲ್ಲಿ ಬದುಕುವವರ ವರ್ಷವಿಡೀ ಕೆಲಸ ಈ ಮೂರರ ಜೊತೆಗೇ: ನೀರನ್ನು ಹೊಲಕ್ಕೆ ತರಬೇಕು, ಹೂಳನ್ನು ಕಾಲುವೆಯಿಂದ ಎತ್ತಬೇಕು, ಉಪ್ಪನ್ನು ಮಣ್ಣಿನಿಂದ ತೊಳೆಯಬೇಕು. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತದೆ. ಅದು ಯಾಕೆ ಎಂದು ತಿಳಿಯಲು ನದಿಯ ಮೈಕಟ್ಟಿನಿಂದಲೇ ಶುರುಮಾಡಬೇಕು.

ಬೆಟ್ಟದಲ್ಲಿ ಗಳಿಕೆ, ಬಯಲಲ್ಲಿ ಖರ್ಚು

ಪಂಜ್ ಮತ್ತು ವಖ್ಶ್ ಎಂಬ ಎರಡು ನದಿಗಳು ಕೂಡಿದ ಮೇಲೆ ಅಮು ದರಿಯಾ ಎಂಬ ಹೆಸರು ಬರುತ್ತದೆ. ಸಂಗಮ ಇರುವುದು ತಜಿಕಿಸ್ತಾನ–ಅಫ್ಘಾನಿಸ್ತಾನ ಗಡಿಯಲ್ಲಿ, ತಿಗ್ರೋವಾಯಾ ಬಾಲ್ಕಾ ಅಭಯಾರಣ್ಯದ ಅಂಚಿಗೆ. ಅಲ್ಲಿಂದ ಅರಲ್ ಸಮುದ್ರದ ಹಳೆಯ ದಡದವರೆಗೆ ಸುಮಾರು 1,415 ಕಿ.ಮೀ.; ಪಂಜ್‌ನ ಮೇಲ್ತುದಿಯಿಂದ, ಅಂದರೆ ಪಾಮಿರ್ ಮತ್ತು ವಖಾನ್ ಕಡೆಯ ಹಿಮನದಿಗಳಿಂದ ಅಳೆದರೆ ಸುಮಾರು 2,540 ಕಿ.ಮೀ. ‘ದರಿಯಾ’ ಎಂದರೆ ಪಾರ್ಸಿಯಲ್ಲಿ ನದಿ. ‘ಅಮು’ ಬಂದಿರುವುದು ದಂಡೆಯಲ್ಲಿದ್ದ ಅಮೂಲ್ ಊರಿನಿಂದ. ಅದು ಇಂದಿನ ತುರ್ಕ್‌ಮೆನಾಬಾತ್. ಅರಬರು ಇದನ್ನು ಜೈಹೂನ್ ಎಂದರು, ಗ್ರೀಕರು ಆಕ್ಸಸ್ ಎಂದರು. ನಮ್ಮ ಪುರಾಣಗಳ ಭೂಗೋಳದಲ್ಲಿ ಬರುವ ವಕ್ಷು ನದಿಯೂ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ವಖ್ಶ್ ಎಂಬ ಉಪನದಿಯ ಹೆಸರಿನಲ್ಲಿ ಆ ಸದ್ದು ಇವತ್ತಿಗೂ ಕೇಳುತ್ತದೆ.

ನದಿ ಕಣಿವೆಯ ಒಟ್ಟು ವಾರ್ಷಿಕ ನೀರು ಸುಮಾರು 75 ಘನ ಕಿ.ಮೀ. ಒಂದು ಘನ ಕಿ.ಮೀ. ಎಂದರೆ 35.3 ಟಿಎಂಸಿ. ಆ ಲೆಕ್ಕದಲ್ಲಿ ಇದು 2,600 ಟಿಎಂಸಿಗೂ ಮೇಲೆ. ಬಚಾವತ್ ನ್ಯಾಯಮಂಡಳಿ ಕೃಷ್ಣಾ ಕಣಿವೆಗೆ ಲೆಕ್ಕ ಹಾಕಿ ಹಂಚಿದ 2,060 ಟಿಎಂಸಿಯ ಪಕ್ಕದಲ್ಲಿ ಇಟ್ಟು ನೋಡಿದರೆ ಅಳತೆ ಮನಸ್ಸಿಗೆ ಬರುತ್ತದೆ.

ನೀರಿನ ಪ್ರಮಾಣಕ್ಕಿಂತ ಅದು ಬರುವ ಬಗೆ ಮುಖ್ಯ. ಕೃಷ್ಣೆಗೆ ದಾರಿಯುದ್ದಕ್ಕೂ ಘಟಪ್ರಭಾ, ಮಲಪ್ರಭಾ, ಭೀಮಾ, ತುಂಗಭದ್ರಾ ಸೇರುತ್ತಾ ಹೋಗುತ್ತವೆ. ಅಮು ದರಿಯಾಗೆ ಆ ಭಾಗ್ಯ ಬೆಟ್ಟದ ಬುಡದವರೆಗೆ ಮಾತ್ರ. ಅಫ್ಘಾನಿಸ್ತಾನದ ಕಡೆಯಿಂದ ಕೊಕ್ಚಾ ಮತ್ತು ಕುಂದೂಜ್, ತಜಿಕಿಸ್ತಾನದಿಂದ ಕಾಫಿರ್ನಿಗಾನ್, ಉಜ್ಬೆಕಿಸ್ತಾನದ ತೆರ್ಮೆಜ್ ಬಳಿ ಸುರ್ಖಾನ್ ದರಿಯಾ, ಅದರಾಚೆ ಸಣ್ಣದಾದ ಶೇರಾಬಾದ್. ಅಲ್ಲಿಗೆ ಮುಗಿಯಿತು. ಆಮೇಲೆ ಸಾವಿರ ಕಿ.ಮೀ.ಗೂ ಹೆಚ್ಚು ದೂರ ಒಂದೂ ಉಪನದಿ ಸೇರುವುದಿಲ್ಲ. ಸಮರ್ಕಂದ್, ಬುಖಾರಾಗಳನ್ನು ಸಾಕುವ ಜೆರಾಫ್ಶಾನ್ ನದಿ ಇತ್ತಲೇ ಹರಿದು ಬಂದರೂ ಅಮು ದರಿಯಾ ಮುಟ್ಟುವ ಮೊದಲೇ ಕಾಲುವೆಗಳಲ್ಲಿ, ಮರಳಲ್ಲಿ ಮುಗಿದುಹೋಗುತ್ತದೆ. ಎಡಕ್ಕೆ ಕರಾಕುಂ, ಬಲಕ್ಕೆ ಕಿಜಿಲ್‌ಕುಂ ಮರುಭೂಮಿ. ಕೆಳದಂಡೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿ.ಮೀ.; ಆಗುಂಬೆಯಲ್ಲಿ ಒಂದೇ ದಿನ ಬೀಳಬಹುದಾದಷ್ಟು. ಅಂದರೆ ಬಯಲಿಗಿಳಿದ ಮೇಲೆ ಈ ನದಿಗೆ ಆದಾಯವೇ ಇಲ್ಲ. ಇಂಗುವುದು, ಆವಿಯಾಗುವುದು, ಕಾಲುವೆಗೆ ಹೋಗುವುದು, ಇಷ್ಟೇ.

ಇದರ ಕ್ಯಾಲೆಂಡರ್ ಕೂಡ ಬೇರೆ. ಇಲ್ಲಿ ಮುಂಗಾರಿನ ಮಾತಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಬೆಟ್ಟದ ಹಿಮ ಕರಗುತ್ತದೆ, ಜುಲೈ–ಆಗಸ್ಟ್‌ನಲ್ಲಿ ಹಿಮನದಿಗಳು ಕರಗುತ್ತವೆ. ಪ್ರವಾಹದ ತುದಿ ಆ ಎರಡು ತಿಂಗಳಲ್ಲಿ. ಬಿಸಿಲು ಹೆಚ್ಚಿದಷ್ಟೂ ನೀರು ಹೆಚ್ಚು. ಹತ್ತಿಗೆ ನೀರು ಬೇಕಾದ ಹೊತ್ತಿಗೇ ನದಿ ತುಂಬಿರುವುದು ದೊಡ್ಡ ಅನುಕೂಲ, ಈ ಮರುಭೂಮಿಯಲ್ಲಿ ಸಾವಿರಾರು ವರ್ಷ ಬೇಸಾಯ ನಡೆದದ್ದು ಅದರಿಂದಲೇ. ಚಳಿಗಾಲದಲ್ಲಿ ಹರಿವು ತೀರಾ ಇಳಿಯುತ್ತದೆ.

ಚಳಿಗಾಲಕ್ಕೆ ಇನ್ನೊಂದು ತೊಡಕಿದೆ. ನದಿ ತೆಂಕಣದಿಂದ ವಾಯವ್ಯಕ್ಕೆ ಹರಿಯುವುದರಿಂದ ಕೆಳಭಾಗ ಮೊದಲು ಹೆಪ್ಪುಗಟ್ಟುತ್ತದೆ, ಕೊನೆಗೆ ಕರಗುತ್ತದೆ. ಮೇಲಿನಿಂದ ತೇಲಿಬಂದ ಮಂಜಿನ ಹಲಗೆಗಳು ಇನ್ನೂ ಕರಗದ ಜಾಗಕ್ಕೆ ಬಂದು ಒಂದರ ಮೇಲೊಂದು ಏರಿ ಕಟ್ಟೆಯಾಗುತ್ತವೆ. ಹರಿವು ಕಡಿಮೆಯಿದ್ದರೂ ನೀರು ಹಿಂದಕ್ಕೆ ಒತ್ತಿ ಹೊಲಗಳಿಗೆ ನುಗ್ಗುತ್ತದೆ. ನದಿಯ ಕೆಳದಂಡೆಯ ಖೊರೆಜ್ಮ್ ಪ್ರದೇಶದವರು ಏರಿ ಕಾಯುವುದು ಬೇಸಿಗೆಯಲ್ಲಿ ಮಾತ್ರ ಅಲ್ಲ ಎನ್ನುವುದು ಇದಕ್ಕೇ.

ಹೂಳು ಮಾಡುವ ಕೆಲಸ

ಪಾಮಿರ್‌ನ ಮೆದು ಮಣ್ಣಿನ ಇಳಿಜಾರುಗಳನ್ನು ಕೊರೆದು ಬರುವ ಈ ನದಿ, ಅಣೆಕಟ್ಟುಗಳು ಬರುವ ಮೊದಲು, ಒಂದು ಘನ ಮೀಟರ್ ನೀರಿನಲ್ಲಿ ಸರಾಸರಿ ಮೂರು ಕಿಲೋಗೂ ಹೆಚ್ಚು ಹೂಳು ಹೊರುತ್ತಿತ್ತು. ಒಂದು ಹೆಕ್ಟೇರಿಗೆ ವರ್ಷದಲ್ಲಿ 10,000 ಘನ ಮೀಟರ್ ನೀರು ಹಾಯಿಸಿದರೆ, ಕಾಲುವೆಯಲ್ಲಿ ಕೂತದ್ದನ್ನು ಬಿಟ್ಟರೂ, ಹತ್ತಾರು ಟನ್ ಹೊಸ ಮಣ್ಣು ಹೊಲಕ್ಕೆ ಬಂದು ಬೀಳುತ್ತದೆ. ಗೊಬ್ಬರದ ದೃಷ್ಟಿಯಿಂದ ಅದು ಬಂಗಾರ. ಆದರೆ ನೂರಾರು ವರ್ಷ ಹೀಗೆ ಬಿದ್ದು ಬಿದ್ದು ಖೊರೆಜ್ಮ್‌ನ ಹಳೆಯ ಹೊಲಗಳು ಎರಡು–ಮೂರು ಮೀಟರ್ ಎತ್ತರಕ್ಕೆ ಏರಿಬಿಟ್ಟವು. ಹೊಲ ಮೇಲೆ ಹೋಯಿತು, ಕಾಲುವೆ ಕೆಳಗೆ ಉಳಿಯಿತು.

ಅದಕ್ಕೆ ಪರಿಹಾರವಾಗಿ ಬಂದದ್ದು ಚಿಗೀರ್. ಕಾಲುವೆಯ ಪಕ್ಕ ಗುಂಡಿ ತೋಡಿ ನಿಲ್ಲಿಸಿದ ಮರದ ದೊಡ್ಡ ಚಕ್ರ. ಅಂಚಿಗೆ ಮಣ್ಣಿನ ಕುಡಿಕೆಗಳನ್ನು ಹಗ್ಗದಿಂದ ಕಟ್ಟಿರುತ್ತಾರೆ. ಹಲ್ಲಿನ ಅಡ್ಡಚಕ್ರವೊಂದನ್ನು ಒಂಟೆ, ಎತ್ತು ಅಥವಾ ಕತ್ತೆ ಸುತ್ತುತ್ತದೆ. ತುಂಬಿದ ಕುಡಿಕೆ ಮೇಲೆ ಬಂದು ದೋಣಿಯಾಕಾರದ ತೊಟ್ಟಿಗೆ ಬಗ್ಗುತ್ತದೆ. ನಮ್ಮ ಏತ, ಕಪಿಲೆಗಳ ವಂಶದ್ದೇ, ಆದರೆ ನಿಲ್ಲದೆ ಸುತ್ತುತ್ತದೆ. ಕುಡಿಕೆ ಒಡೆದರೆ ಅದೊಂದನ್ನು ಬದಲಿಸಿದರೆ ಸಾಕು, ಚಕ್ರ ನಿಲ್ಲಿಸಬೇಕಾದದ್ದು ಅಷ್ಟು ಹೊತ್ತು. 20ನೇ ಶತಮಾನದ ನಡುವಿನ ಹೊತ್ತಿಗೆ ಪಂಪುಗಳು ಈ ಕೆಲಸವನ್ನು ವಹಿಸಿಕೊಂಡವು.

ಕಾಲುವೆಯ ಮುಖಕ್ಕೆ ಅಲ್ಲಿನವರು ‘ಸಾಕಾ’ ಎನ್ನುತ್ತಾರೆ. ಖೊರೆಜ್ಮ್‌ನ ದೊಡ್ಡ ಕಾಲುವೆ ತಾಶ್‌ಸಾಕಾ, ಅಂದರೆ ಕಲ್ಲಿನ ಮುಖ. ದೊಡ್ಡ ಕಾಲುವೆ ‘ಯಾಪ್’, ಹೊಲಗಾಲುವೆ ‘ಸಲ್ಮಾ’, ಬಸಿಗಾಲುವೆ ‘ಜಾವೂರ್’. ನೀರು ಹಂಚುವವನು ‘ಮಿರಾಬ್’, ನಮ್ಮ ಕೆರೆಯ ನೀರುಗಂಟಿಯ ಕೆಲಸವೇ ಅವನದೂ. ನದಿಯಿಂದ ಕಾಲುವೆಗೆ ತಿರುಗಿದೊಡನೆ ನೀರಿನ ವೇಗ ಇಳಿಯುತ್ತದೆ, ಇಳಿದ ಕೂಡಲೇ ಹೂಳು ಕೂರುತ್ತದೆ. ಹೀಗಾಗಿ ಮೊದಲ ಕೆಲವು ಕಿ.ಮೀ.ನಲ್ಲೇ ಕಾಲುವೆ ಹೆಚ್ಚು ತುಂಬುವುದು. ಖೊರೆಜ್ಮ್ ಆಳಿದ ಖೀವಾ ಖಾನರ ಕಾಲದಲ್ಲಿ ನೀರು ಇಳಿದಿರುವಾಗ ಮನೆಮನೆಯಿಂದ ಆಳು ಕರೆದು ಬಿಟ್ಟಿಯಾಗಿ ಹೂಳೆತ್ತಿಸುತ್ತಿದ್ದರು. ಎತ್ತಿದ ಮಣ್ಣು ದಂಡೆಯ ಮೇಲೇ ಬಿದ್ದು ಗುಡ್ಡಗಳ ಸಾಲಾಯಿತು. ದಂಡೆ ಏರಿದಷ್ಟೂ ಮುಂದಿನ ವರ್ಷ ಮಣ್ಣನ್ನು ಇನ್ನಷ್ಟು ಎತ್ತರಕ್ಕೆ ಎಸೆಯಬೇಕು. ಕೊನೆಗೊಮ್ಮೆ ಹಳೆಯ ಮುಖವನ್ನು ಬಿಟ್ಟು ಮೇಲ್ಗಡೆ ಹೊಸದನ್ನು ತೋಡುವುದೇ ಅಗ್ಗವಾಗುತ್ತಿತ್ತು.

ಹೂಳಿನ ಇನ್ನೊಂದು ಮುಖ ದಂಡೆ ಕುಸಿತ. ಅಲ್ಲಿ ಅದಕ್ಕೆ ‘ದೈಗಿಶ್’ ಎಂದು ಹೆಸರೇ ಇದೆ. ಬಯಲಿನಲ್ಲಿ ನದಿಯ ಇಳಿಜಾರು ಕಿ.ಮೀ.ಗೆ ಸುಮಾರು 20 ಸೆಂ.ಮೀ. ಮಾತ್ರ, ಆದರೂ ಬೇಸಿಗೆಯ ನೆರೆ ಸಡಿಲ ಮರಳು ದಂಡೆಯ ಬುಡವನ್ನು ಕೊರೆಯುತ್ತದೆ, ಮೇಲಿನ ಭಾಗ ಹಲಗೆ ಹಲಗೆಯಾಗಿ ನೀರಿಗೆ ಬೀಳುತ್ತದೆ. ಆ ಮಣ್ಣು ಸ್ವಲ್ಪ ಕೆಳಗೆ ದಿಬ್ಬವಾಗಿ ನಿಂತು ಪ್ರವಾಹವನ್ನು ಎದುರು ದಂಡೆಗೆ ತಿರುಗಿಸುತ್ತದೆ, ಅಲ್ಲಿ ಮತ್ತೆ ಕುಸಿತ. ಕೆಳದಂಡೆಯಲ್ಲಿ ಬದುಕುವ ಕರಕಲ್ಪಾಕ ಜನರ ರಾಜಧಾನಿಯಾಗಿದ್ದ ತುರ್ತ್‌ಕುಲ್ ಊರನ್ನು ನದಿ ಹೀಗೆಯೇ ನುಂಗಿತು. 1930ರ ದಶಕದ ಕೊನೆಗೆ ರಾಜಧಾನಿಯನ್ನು ನುಕುಸ್‌ಗೆ ಸಾಗಿಸಬೇಕಾಯಿತು. ದಂಡೆ ಉಳಿಸುವ ಹಳೆಯ ಉಪಾಯ ‘ಕರಾಬೂರಾ’: ಮುಳ್ಳುಪೊದೆ, ಜೊಂಡು, ಹುಲ್ಲು, ಮಣ್ಣು, ಕಲ್ಲುಗಳನ್ನು ಚಾಪೆಯಂತೆ ಹಾಸಿ, ಸುರುಳಿ ಸುತ್ತಿ, ಹಗ್ಗ ಬಿಗಿದು ದಂಡೆಯಿಂದ ಉರುಳಿಸುವುದು. ಪೊದೆಯ ಸಂದಿಗಳಲ್ಲಿ ನದಿಯ ಹೂಳೇ ಕೂತು ಅದನ್ನು ಗಟ್ಟಿಮಾಡುತ್ತದೆ. ತಿಳಿನೀರಿನಲ್ಲಿ ಇದು ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ.

ಇದೇ ಸ್ವಭಾವದ ನದಿ ದಾರಿಯನ್ನೇ ಬದಲಿಸಿದ್ದೂ ಇದೆ. ಒಂದು ಕಾಲಕ್ಕೆ ಅದರ ನೀರು ಪಶ್ಚಿಮದ ಸರಿಕಾಮಿಶ್ ತಗ್ಗಿಗೆ, ಅಲ್ಲಿಂದ ಉಜ್ಬೋಯ್ ಹಾದಿಯಾಗಿ ಕ್ಯಾಸ್ಪಿಯನ್ ಕಡೆಗೆ ಹೋಗುತ್ತಿತ್ತು. 16ನೇ ಶತಮಾನದಲ್ಲಿ ಹರಿವು ಪೂರ್ತಿಯಾಗಿ ಅರಲ್ ಕಡೆಗೆ ತಿರುಗಿದಾಗ ಕುನ್ಯಾ ಉರ್ಗೆಂಚ್ ನಗರ ನೀರಿಲ್ಲದೆ ಬರಿದಾಯಿತು, ಖೀವಾ ಮೇಲೆ ಬಂತು.

ಅಣೆಕಟ್ಟು, ಕಾಲುವೆ, ಪಂಪು

ವಖ್ಶ್ ನದಿಯ ಮೇಲಿನ ನುರೆಕ್ ಅಣೆಕಟ್ಟಿನ ಎತ್ತರ 300 ಮೀಟರ್, ಮಣ್ಣು–ಕಲ್ಲಿನ ಕಟ್ಟೆ; 1961ರಲ್ಲಿ ಶುರುವಾಗಿ 1980ರಲ್ಲಿ ಮುಗಿಯಿತು. ಜಲಾಶಯದ ಸಾಮರ್ಥ್ಯ 10.5 ಘನ ಕಿ.ಮೀ., ಅಂದರೆ ಸುಮಾರು 370 ಟಿಎಂಸಿ. ಅದರ ಮೇಲ್ಗಡೆ ಕಟ್ಟುತ್ತಿರುವ ರೊಗುನ್ ಅಣೆಕಟ್ಟಿನ ಯೋಜಿತ ಎತ್ತರ 335 ಮೀಟರ್. ಮೊದಲ ವಿದ್ಯುತ್ ಘಟಕ 2018ರ ನವೆಂಬರ್‌ನಲ್ಲಿ ಚಾಲೂ ಆಯಿತು. ತಜಿಕಿಸ್ತಾನಕ್ಕೆ ಕರೆಂಟು ಹೆಚ್ಚು ಬೇಕಾಗುವುದು ಚಳಿಗಾಲದಲ್ಲಿ, ಕೆಳಗಿನವರಿಗೆ ನೀರು ಬೇಕಾಗುವುದು ಬೇಸಿಗೆಯಲ್ಲಿ. ಮೇಲಿನವರ ಮತ್ತು ಕೆಳಗಿನವರ ಜಗಳದ ಬೇರು ಈ ಎರಡು ತಿಂಗಳುಪಟ್ಟಿಗಳಲ್ಲಿದೆ. ಪಂಜ್ ನದಿಯ ಮೇಲೆ ಅಂಥ ದೊಡ್ಡ ಅಣೆಕಟ್ಟು ಇಲ್ಲ, ಆದ್ದರಿಂದ ಬಯಲಿಗೆ ಹೂಳು ಇವತ್ತಿಗೂ ಬರುತ್ತಿರುವುದು ಹೆಚ್ಚಾಗಿ ಅದರಿಂದ.

ಬಯಲಿನಲ್ಲಿ ಅತಿ ದೊಡ್ಡ ಪಾಲು ಕರಾಕುಂ ಕಾಲುವೆಯದು. 1954ರಲ್ಲಿ ಕೆಲಸ ಆರಂಭ, 1962ರಲ್ಲಿ ನೀರು ತುರ್ಕ್‌ಮೆನಿಸ್ತಾನದ ರಾಜಧಾನಿ ಅಶ್ಗಾಬಾತ್ ಮುಟ್ಟಿತು; ಒಟ್ಟು ಉದ್ದ 1,375 ಕಿ.ಮೀ. ವರ್ಷಕ್ಕೆ 10 ಘನ ಕಿ.ಮೀ.ಗೂ ಹೆಚ್ಚು ನೀರು ಇದರೊಳಗೆ ಹೋಗುತ್ತದೆ. ಮುಖದಲ್ಲಿ ನದಿಗೆ ಅಡ್ಡಗಟ್ಟೆ ಇಲ್ಲ, ನೀರು ತಾನಾಗಿ ತಿರುಗುತ್ತದೆ. ಹೂಳು ಕೂರಲು ಆರಂಭದಲ್ಲೇ ಕೆಲಿಫ್ ತಗ್ಗುಗಳನ್ನು ಬಳಸಿಕೊಂಡಿದ್ದಾರೆ, ಹೂಳೆತ್ತುವ ಯಂತ್ರಗಳು ಬಿಡುವಿಲ್ಲದೆ ಕೆಲಸ ಮಾಡುತ್ತವೆ. ಕಾಲುವೆಯ ತಳಕ್ಕೆ, ಬದಿಗೆ ಲೈನಿಂಗ್ ಇಲ್ಲ. ಮರಳಿನಲ್ಲಿ ಇಂಗಿದ ನೀರು ಉದ್ದಕ್ಕೂ ಕೆರೆಗಳಾಗಿ, ಜೊಂಡುಗಾಡಾಗಿ ನಿಂತಿದೆ. ಹೂಳು ಕೂತ ಮೇಲಿನ ತಿಳಿನೀರಿಗೆ ಬಿಸಿಲು ಇಳಿದು ನೀರ್ಗಳೆ ಬೆಳೆಯಿತು. ಅದನ್ನು ತಿನ್ನಲು ಹುಲ್ಲುಗೆಂಡೆ ಮೀನುಗಳನ್ನು ಬಿಟ್ಟರು, ಅವು ಕಾಲುವೆಯನ್ನು ಸ್ವಚ್ಛ ಮಾಡಿದ್ದಲ್ಲದೆ ಊಟದ ತಟ್ಟೆಗೂ ಬಂದವು.

ಬಲದಂಡೆಯಲ್ಲಿ ಕಥೆ ಬೇರೆ. ಕಾರ್ಶಿ ಬಯಲು ನದಿಗಿಂತ ಎತ್ತರದಲ್ಲಿದೆ. ಹಾಗಾಗಿ ಒಂದರ ಮೇಲೊಂದು ಪಂಪ್‌ಹೌಸ್‌ಗಳ ಸಾಲು ನೀರನ್ನು ಸುಮಾರು 130 ಮೀಟರ್ ಮೇಲೆತ್ತಿ ತಾಲಿಮರ್ಜಾನ್ ಜಲಾಶಯಕ್ಕೆ ದಾಟಿಸುತ್ತದೆ. ಬುಖಾರಾಗೆ ಅಮು–ಬುಖಾರಾ ಏತ ಕಾಲುವೆ ಇದೆ. ಇಂಥಲ್ಲಿ ಹೂಳು ಬೇರೆಯದೇ ಹಾನಿ ಮಾಡುತ್ತದೆ: ನೀರಿನೊಳಗಿನ ಸಣ್ಣ ಮರಳು ಪಂಪಿನ ರೆಕ್ಕೆಗಳನ್ನು ಉಪ್ಪುಕಾಗದದಂತೆ ಉಜ್ಜುತ್ತದೆ, ಸಂದು ಹಿಗ್ಗುತ್ತದೆ, ಅಷ್ಟೇ ಕರೆಂಟಿಗೆ ಎತ್ತುವ ನೀರು ಕಡಿಮೆಯಾಗುತ್ತದೆ.

ಖೊರೆಜ್ಮ್‌ನ ಬಾಗಿಲಿನಲ್ಲಿ ನದಿ ಒಂದು ಇಕ್ಕಟ್ಟಿನಲ್ಲಿ ತಿರುಗುತ್ತದೆ, ಹೆಸರು ತುಯಾಮುಯುನ್, ಅಂದರೆ ಒಂಟೆಯ ಕೊರಳು. 1980ರ ದಶಕದಲ್ಲಿ ಅಲ್ಲಿ ನಾಲ್ಕು ಜಲಾಶಯಗಳ ಗುಂಪು ಸಿದ್ಧವಾಯಿತು. ಇದರಲ್ಲಿ ಕಪರಾಸ್ ಎಂಬುದನ್ನು ಕುಡಿಯುವ ನೀರಿಗೆ ಮೀಸಲಿಟ್ಟಿದ್ದಾರೆ. ಅದನ್ನು ತುಂಬಿಸುವುದು ಬೇಸಿಗೆಯ ನೆರೆಯಲ್ಲಿ, ಯಾಕೆಂದರೆ ಆಗ ನೀರಿನಲ್ಲಿ ಉಪ್ಪು ಕಡಿಮೆ. ಚಳಿಗಾಲದ ನೀರು ತುಂಬಿಸಿದರೆ ಉರ್ಗೆಂಚ್, ನುಕುಸ್‌ಗಳ ನಲ್ಲಿಯಲ್ಲಿ ಬರುವ ಚಹಾದ ನೀರೇ ಉಪ್ಪಾಗುತ್ತದೆ. ಹಳ್ಳಿಗಳ ಹಿತ್ತಿಲ ಕೈಪಂಪುಗಳಲ್ಲಿ ಅದು ಎಂದಿನ ಮಾತು.

ಉಪ್ಪನ್ನು ತೊಳೆಯುವುದು ಹೇಗೆ

ಬೆಟ್ಟದ ಬುಡದಲ್ಲಿ ಲೀಟರಿಗೆ ಅರ್ಧ ಗ್ರಾಮಿನ ಆಸುಪಾಸು ಇರುವ ಉಪ್ಪು, ಕೆಳಗೆ ಹೋಗುವಾಗ ಒಂದು ಗ್ರಾಂ ದಾಟುತ್ತದೆ. ಕಾರಣ ಸರಳ: ಕಾರ್ಶಿ, ತುರ್ಕ್‌ಮೆನಾಬಾತ್ ಕಡೆಯ ಬಸಿಗಾಲುವೆಗಳು ಹೊಲ ತೊಳೆದ ನೀರನ್ನು ಮತ್ತೆ ನದಿಗೇ ಬಿಡುತ್ತವೆ. ಒಂದು ಗ್ರಾಂ ಅಂದರೆ ಏನು? ಒಂದು ಘನ ಮೀಟರಿನಲ್ಲಿ ಒಂದು ಕಿಲೋ. ಹೆಕ್ಟೇರಿಗೆ 10,000 ಘನ ಮೀಟರ್ ಹಾಯಿಸಿದರೆ 10 ಟನ್. ಎಕರೆ ಲೆಕ್ಕದಲ್ಲಿ 50 ಕಿಲೋದ 80 ಚೀಲ ಉಪ್ಪು, ಪ್ರತಿ ವರ್ಷ. ನೀರನ್ನು ಗಿಡ ಕುಡಿಯುತ್ತದೆ, ಬಿಸಿಲು ಕುಡಿಯುತ್ತದೆ. ಉಪ್ಪನ್ನು ಯಾರೂ ಒಯ್ಯುವುದಿಲ್ಲ.

ಜೊತೆಗೆ ಕೆಳಗಿನಿಂದಲೂ ಉಪ್ಪು ಬರುತ್ತದೆ. ಖೊರೆಜ್ಮ್‌ನಲ್ಲಿ ಅಂತರ್ಜಲ ನೀರಾವರಿ ಕಾಲದಲ್ಲಿ ಒಂದು–ಒಂದೂವರೆ ಮೀಟರಿನಲ್ಲೇ ಸಿಗುತ್ತದೆ. ಅದು ಎರಡು ಮೀಟರಿಗಿಂತ ಮೇಲೆ ಬಂತೆಂದರೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮಣ್ಣಿನ ಸಂದಿಗಳಲ್ಲಿ ನೀರು ಏರಿ, ಮೇಲೆ ಬಂದು ಆವಿಯಾಗಿ ಉಪ್ಪನ್ನು ಬಿಟ್ಟುಹೋಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಗಂಗಾವತಿ ಕಡೆ ಸವಳು–ಜವಳು ಜಮೀನು ನೋಡಿದವರಿಗೆ ಈ ಬಿಳಿ ತೇಪೆಗಳು ಹೊಸದಲ್ಲ. ಆದರೆ ನಮ್ಮಲ್ಲಿ ಮಳೆಗಾಲ ಒಂದಷ್ಟು ಉಪ್ಪನ್ನು ಬಿಟ್ಟಿಯಾಗಿ ತೊಳೆಯುತ್ತದೆ. ಅಲ್ಲಿ ಆ ಮಳೆಯನ್ನು ಕಾಲುವೆಯಿಂದ ಕೊಳ್ಳಬೇಕು.

ಕ್ರಮ ಹೀಗಿದೆ. ಶರತ್ಕಾಲದಲ್ಲಿ ಹತ್ತಿ ಬಿಡಿಸಿದ ಮೇಲೆ ಕಡ್ಡಿಗಳನ್ನು ಕಿತ್ತು ತಂದೂರಿನ ಸೌದೆಗೆ ಒಯ್ಯುತ್ತಾರೆ, ಹೊಲವನ್ನು ಆಳವಾಗಿ ಉಳುತ್ತಾರೆ. ಬಳಿಕ ಮಟ್ಟ ಮಾಡುವುದು. ಇದರಲ್ಲಿ ಆತುರಪಟ್ಟರೆ ಮುಂದಿನದೆಲ್ಲ ಹಾಳು: ಹತ್ತು ಸೆಂ.ಮೀ. ಉಬ್ಬು ಉಳಿದರೂ ಅದರ ಮೇಲೆ ನೀರು ನಿಲ್ಲುವುದಿಲ್ಲ, ಸುತ್ತಲಿನ ಉಪ್ಪು ಕೂಡ ಒಣಗಿದ ಆ ಉಬ್ಬಿಗೇ ಹೀರಿಕೊಂಡು ಬರುತ್ತದೆ. ಏಪ್ರಿಲ್‌ನಲ್ಲಿ ಮೊಳಕೆ ಬಾರದ ಬೋಳು ತೇಪೆಗಳೆಲ್ಲ ಬಹುಮಟ್ಟಿಗೆ ಇಂಥ ಉಬ್ಬುಗಳೇ. ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ, ನೆಲದ ಹೆಪ್ಪು ಬಿಟ್ಟ ಮೇಲೆ, ಬದು ಹಾಕಿ ಹೊಲವನ್ನು ಸಣ್ಣ ಮಡಿಗಳಾಗಿ ಕತ್ತರಿಸಿ ನೀರು ನಿಲ್ಲಿಸುತ್ತಾರೆ. ಒಂದು ಸಲಕ್ಕೆ ಹೆಕ್ಟೇರಿಗೆ 1,500ರಿಂದ 2,000 ಘನ ಮೀಟರ್, ಅಂದರೆ ಮಡಿಯಲ್ಲಿ 15–20 ಸೆಂ.ಮೀ. ನೀರು. ಅದು ಇಂಗಿ, ಬಸಿಗಾಲುವೆಗೆ ಇಳಿಯಲು ಕೆಲವು ದಿನ ಬಿಟ್ಟು ಮತ್ತೊಮ್ಮೆ. ಉಪ್ಪು ಹೆಚ್ಚಿದ್ದರೆ ಮೂರನೇ ಸಲ. ಒಂದೇ ಬಾರಿ ಪೂರ್ತಿ ನೀರು ಬಿಟ್ಟರೆ ಉಪಯೋಗ ಕಡಿಮೆ, ಯಾಕೆಂದರೆ ಮಣ್ಣಿನ ಸಣ್ಣ ಸಂದಿಗಳಲ್ಲಿ ಕೂತ ಉಪ್ಪು ಕರಗಿ ಹೊರಬರಲು ಹೊತ್ತು ಬೇಕು. ಕೊನೆಯ ನೀರು ಇಂಗಿ ಟ್ರ್ಯಾಕ್ಟರ್ ಚಕ್ರ ಹೂಳದಷ್ಟು ಆರಿದ ಕೂಡಲೇ ಹಲುಬೆ ಹೊಡೆಯಬೇಕು. ಮೇಲಿನ ಹೆಪ್ಪು ಒಡೆದು ಪುಡಿಯಾದರೆ ಬತ್ತಿ ಕಡಿದಂತೆ, ಉಪ್ಪು ಮತ್ತೆ ಮೇಲೇರುವುದಿಲ್ಲ. ವಾರ ತಡವಾದರೆ ತೊಳೆದದ್ದರಲ್ಲಿ ಒಂದು ಪಾಲು ವಾಪಸ್ ಬಂದಿರುತ್ತದೆ.

ಇದೆಲ್ಲ ನಿಂತಿರುವುದು ಬಸಿಗಾಲುವೆಯ ಮೇಲೆ. ಅದರ ತಳ ಅಂತರ್ಜಲದ ಮಟ್ಟಕ್ಕಿಂತ ಕೆಳಗಿರಬೇಕು, ಎರಡು–ಮೂರು ಮೀಟರ್ ಆಳ. ಜೊಂಡು ಬೆಳೆದು, ದಂಡೆ ಜರಿದು ತಳ ಮೇಲೆ ಬಂದರೆ ಹೊಲ ತೊಳೆದ ನೀರು ಹೋಗಲು ದಾರಿಯಿಲ್ಲದೆ ಕೆಳಗೇ ನಿಂತು ಅಂತರ್ಜಲವನ್ನು ಮೇಲೆತ್ತುತ್ತದೆ. ತೊಳೆದಷ್ಟೂ ಸವಳು ಹೆಚ್ಚುತ್ತದೆ. ಖೊರೆಜ್ಮ್‌ನ ಬಸಿನೀರು ಸೇರುವುದು ಅದೇ ಸರಿಕಾಮಿಶ್ ತಗ್ಗಿಗೆ. ನದಿ ಬಿಟ್ಟುಬಂದ ಆ ತಗ್ಗಿನಲ್ಲಿ ಈಗ ಬಸಿನೀರಿನಿಂದಲೇ ತುಂಬಿದ ದೊಡ್ಡ ಉಪ್ಪು ಸರೋವರವಿದೆ. ಅರಲ್‌ಗೆ ಹೋಗಬೇಕಾಗಿದ್ದ ನೀರಿನ ಒಂದು ಪಾಲನ್ನು ಅಲ್ಲಿ ನೋಡಬಹುದು. 1960ರಲ್ಲಿ 68,000 ಚದರ ಕಿ.ಮೀ. ಹರಡಿಕೊಂಡಿದ್ದ ಅರಲ್, ಮುಯ್ನಾಕ್ ಬಂದರಿನಿಂದ ಹತ್ತಾರು ಕಿ.ಮೀ. ಹಿಂದೆ ಸರಿದುಹೋಗಿದೆ.

ನೀರಾವರಿ ಬಿಟ್ಟರೆ ಉಳಿದ ಬಳಕೆಗಳು ಸಣ್ಣವು, ಆದರೆ ದಿನನಿತ್ಯದವು. ದಂಡೆಯ ‘ತುಗಾಯ್’ ಕಾಡಿನಿಂದ ಚಾವಣಿಗೆ ಜೊಂಡು, ದನಕ್ಕೆ ಮೇವು, ಔಷಧಿಗೆ ಅತಿಮಧುರದ ಬೇರು. ದಾಟಲು ಹಿಂದೆ ಚಪ್ಪಟೆ ತಳದ ಕಯೂಕ್ ದೋಣಿಗಳಿದ್ದವು. ದಿನದಿನಕ್ಕೆ ಜಾಗ ಬದಲಿಸುವ ಮರಳುದಿಬ್ಬಗಳ ನಡುವೆ ಆಳ ತಳದ ದೋಣಿ ಸಿಕ್ಕಿಕೊಳ್ಳುತ್ತದೆ. ತುರ್ಕ್‌ಮೆನಾಬಾತ್ ಬಳಿ 1888ರಲ್ಲಿ ಮರದ ರೈಲುಸೇತುವೆ, 1901ರಲ್ಲಿ ಕಬ್ಬಿಣದ್ದು ಬಂತು. ತೆರ್ಮೆಜ್–ಹೈರತಾನ್ ಸೇತುವೆ 1982ರದ್ದು. 1989ರ ಫೆಬ್ರವರಿ 15ರಂದು ಸೋವಿಯತ್ ಸೇನೆಯ ಕೊನೆಯ ತುಕಡಿ ಅಫ್ಘಾನಿಸ್ತಾನದಿಂದ ಹೊರಟದ್ದು ಅದರ ಮೇಲೆ.

ಪಾಲು, ಮತ್ತು ಕಾಲುವೆಯ ತುದಿ

1987ರ ಸೋವಿಯತ್ ಹಂಚಿಕೆಯಲ್ಲಿ ಉಜ್ಬೆಕಿಸ್ತಾನಕ್ಕೆ ಶೇ 48.2, ತುರ್ಕ್‌ಮೆನಿಸ್ತಾನಕ್ಕೆ ಶೇ 35.8, ತಜಿಕಿಸ್ತಾನಕ್ಕೆ ಶೇ 15.4, ಕಿರ್ಗಿಜ್‌ಸ್ತಾನಕ್ಕೆ ಶೇ 0.6. 1992ರ ಅಲ್ಮಾತಿ ಒಪ್ಪಂದ ಇದನ್ನೇ ಮುಂದುವರಿಸಿತು. 1996ರಲ್ಲಿ ಉಜ್ಬೆಕಿಸ್ತಾನ, ತುರ್ಕ್‌ಮೆನಿಸ್ತಾನಗಳು ಕೆರ್ಕಿ ಮಾಪನ ಕೇಂದ್ರದಲ್ಲಿ ಅಳೆದ ನೀರನ್ನು ಸಮಪಾಲು ಮಾಡಿಕೊಂಡವು. ಈ ಯಾವ ಕಾಗದದಲ್ಲೂ ಅಫ್ಘಾನಿಸ್ತಾನದ ಸಹಿಯಿಲ್ಲ. 2022ರಲ್ಲಿ ಅದು ಬಲ್ಖ್ ಪ್ರಾಂತ್ಯದಿಂದ ಕೋಶ್ ತೆಪಾ ಕಾಲುವೆ ತೋಡಲು ಶುರುಮಾಡಿತು: 285 ಕಿ.ಮೀ. ಉದ್ದ, ಸುಮಾರು 100 ಮೀಟರ್ ಅಗಲ, ಮರಳು ನೆಲದಲ್ಲಿ ಲೈನಿಂಗ್ ಇಲ್ಲದೆ. ಉತ್ತರ ಅಫ್ಘಾನಿಸ್ತಾನದ ರೈತನಿಗೆ ಈ ನದಿಯ ಮೇಲೆ ಹಕ್ಕಿದೆ ಎಂಬುದರಲ್ಲಿ ಅನುಮಾನವಿಲ್ಲ. ಕರಾಕುಂ ಕಾಲುವೆಯಲ್ಲಿ ಆದದ್ದೇ ಇಲ್ಲೂ ಆಗುತ್ತದೆಂಬ ಭಯ ನಿಜವಾದದ್ದು. ಇದು ತೆಗೆಯುವುದು ಬೆಟ್ಟದ ಬುಡದ, ಉಪ್ಪು ಕಡಿಮೆಯಿರುವ ನೀರನ್ನು. ಕೆಳಗೆ ಉಳಿಯುವ ನೀರಿನಲ್ಲಿ ಬಸಿನೀರಿನ ಪಾಲು ಅಷ್ಟರಮಟ್ಟಿಗೆ ಏರುತ್ತದೆ.

ಅದರ ಪರಿಣಾಮ ಮೊದಲು ಕಾಣುವುದು ಕಾಲುವೆಯ ತುದಿಯ ಹೊಲಗಳಲ್ಲಿ. ನೀರು ಕಡಿಮೆಯಾದ ವರ್ಷ ಖೊರೆಜ್ಮ್, ಕರಕಲ್ಪಾಕಸ್ತಾನದ ತುದಿಯಂಚಿನ ರೈತರು ಒಂದು ಕೆಲಸ ಮಾಡುತ್ತಾರೆ: ಬಸಿಗಾಲುವೆಗೆ ಮಣ್ಣು ಸುರಿದು ಅಡ್ಡ ಕಟ್ಟುತ್ತಾರೆ. ಹೊರಹೋಗಲಾರದ ನೀರಿನಿಂದ ಅಂತರ್ಜಲ ಮೇಲೆ ಬಂದು ಹತ್ತಿಯ ಬೇರಿಗೆ ಎಟುಕುತ್ತದೆ, ಮೇಲಿನಿಂದ ಹನಿ ನೀರು ಬರದಿದ್ದರೂ ಬೆಳೆ ಬದುಕುತ್ತದೆ. ಅದೇ ನೀರು ಹೊತ್ತುತಂದ ಉಪ್ಪು ಬೇರಿನ ಪದರದಲ್ಲೇ ಉಳಿಯುತ್ತದೆ. ಮುಂದಿನ ಮಾರ್ಚ್‌ನಲ್ಲಿ ಆ ಹೊಲಕ್ಕೆ ಎರಡರ ಬದಲು ಮೂರು ಸಲ ನೀರು ನಿಲ್ಲಿಸಬೇಕು. ಕಾಲುವೆಯಲ್ಲಿ ಅಷ್ಟು ನೀರು ಬರುತ್ತದೆಂದು ಗೊತ್ತಾಗುವವರೆಗೆ ಅಡ್ಡ ಕಟ್ಟಿದ ಮಣ್ಣನ್ನು ಅವರು ತೆಗೆಯುವುದಿಲ್ಲ.